ಗುಪ್ತ ರೋಗಕ್ಕೆ ಯಾರ ಹಣ?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ವಿಷಯ ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ಮುಸಿಮುಸಿ ನಕ್ಕರು. ನಗಲಿ. ನಾವೂ ಹಾಸ್ಟೆಲಿನಲ್ಲಿದ್ದಾಗ ನಕ್ಕವರೇ. ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಮೇಲೆ 'ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ' ಅಂತ ಅಂಟಿಸಿರ್ತಾರಲ್ಲ, ಆ ಲಾಡ್ಜ್ ವೈದ್ಯನ ಹೊಟ್ಟೆ ತುಂಬಿಸೋದು ನಮ್ಮ ಈ ನಗುವೇ, ನಮ್ಮ ನಾಚಿಕೆಯೇ. ಸ್ಕಾಲರ್‌ಶಿಪ್ಪಿನ ದುಡ್ಡು ಕೊಟ್ಟು ಅವನ ಪುಡಿ ನುಂಗಿದ ಹುಡುಗರನ್ನ ನಾವು ನೋಡಿದ್ದೀವಿ. ಅದೇ ರೋಗಕ್ಕೆ ಜಿಲ್ಲಾಸ್ಪತ್ರೆಯಲ್ಲಿ 'ಸುರಕ್ಷಾ ಕ್ಲಿನಿಕ್' ಇದೆ, ಔಷಧಿ ಪುಕ್ಕಟೆ. ಹಿರಿಯರು ಪರಂಗಿ ಹುಣ್ಣು ಅಂತಿದ್ದ ಸಿಫಿಲಿಸ್ಸಿಗೆ, ಶುರುವಿನಲ್ಲೇ ಹೋದರೆ, ಪೆನಿಸಿಲಿನ್ ಒಂದು ಸಲ ಚುಚ್ಚಿದರೆ ಸಾಕು. ಬಸುರಿ ಹೆಂಗಸಿಗೆ ಅದು ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು.

ಇದಕ್ಕೆಲ್ಲ ದುಡ್ಡು ಯಾರದು? 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು ವಿಶ್ವಬ್ಯಾಂಕಿನ ಸಾಲದಲ್ಲಿ. ಸಾಲ ಅಂದಮೇಲೆ ತೀರಿಸೋರು ಯಾರು? ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟೋ ನಮ್ಮವ್ವ. 2003ರಲ್ಲಿ ಗೇಟ್ಸ್ ಫೌಂಡೇಶನ್ 'ಆವಾಹನ್' ಅಂತ ಬಂತು, ಕರ್ನಾಟಕಕ್ಕೂ ಬಂತು. ಹತ್ತು ವರ್ಷದೊಳಗೆ ಸರ್ಕಾರಕ್ಕೆ ಒಪ್ಪಿಸಿ ಹೋಯ್ತು. ದಾನಿ ಒಂದಿನ ಹೋಗೋನೇ. 2021ರಿಂದ 2026ರ ಮಾರ್ಚ್‌ವರೆಗಿನ ಐದನೇ ಹಂತಕ್ಕೆ ಇಟ್ಟದ್ದು 15,471.94 ಕೋಟಿ ರೂಪಾಯಿ, ಪೂರ್ತಿ ಕೇಂದ್ರ ಸರ್ಕಾರದ್ದು. ಅಂದ್ರೆ ನಮ್ಮದು.

ಈ ಕೋಟಿಗಳು ಊರೊಳಗೆ ಬರೋದು ಯಾರ ಕಾಲಿನ ಮೇಲೆ? ಕಲ್ಕತ್ತೆಯ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ 1992ರಲ್ಲೇ ತೋರಿಸಿದರು: ಬಿಳಿಕೋಟಿನವರು ಬಂದರೆ ಮುಚ್ಚೋ ಬಾಗಿಲು, ತಮ್ಮ ಓಣಿಯವಳೇ ಬಂದು ಹೇಳಿದರೆ ತೆರೆಯುತ್ತೆ. ಮೈಸೂರಿನ ಆಶೋದಯದಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು 2004ರಿಂದ ಅದನ್ನೇ ಮಾಡಿಕೊಂಡು ಬಂದರು. ಬೆಳಗಾವಿ, ಬಾಗಲಕೋಟೆ ಕಡೆ ಈ ಕೆಲಸಕ್ಕೆ ಇಳಿದವರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಯ ಅವ್ವಂದಿರೂ ಇದ್ದಾರೆ. ದೇವದಾಸಿ ನಿಷೇಧಕ್ಕೆ 1982ರ ಕಾನೂನು ಬಂತು. ಅದು ಮುತ್ತು ಕಟ್ಟೋದನ್ನ ಅಪರಾಧ ಅಂತು, ಕಟ್ಟಿಸಿಕೊಂಡವರ ಒಲೆ ಹೊತ್ತಿಸೋದು ಅದರ ಕೈಲಿ ಆಗಲಿಲ್ಲ.

ಇವರಿಗೆ ಕೊಡೋದನ್ನ ಕೂಲಿ ಅನ್ನಲ್ಲ, 'ಗೌರವಧನ' ಅಂತಾರೆ. ಗೌರವ ಬಾಯಲ್ಲಿ, ಧನ ಕಂತಿನಲ್ಲಿ. ಕಾಗದದಲ್ಲಿ ಅವರ ಹೆಸರು 'ಟಾರ್ಗೆಟ್' ಗುಂಪು. ಗುರಿಯಿಟ್ಟು ಹೊಡೆಯೋಕೆ ಅವರೇನು ಮೊಲವಾ? ಅನುದಾನ ತಡವಾದರೆ ಮೊದಲು ನಿಲ್ಲೋದು ಅವರ ತಿರುಗಾಟ. ಆಫೀಸಿನ ಫ್ಯಾನು ತಿರುಗುತ್ತಲೇ ಇರುತ್ತೆ. ಮೂರು ತಿಂಗಳು ಅವರು ಓಣಿಗೆ ಹೋಗದಿದ್ದರೆ ರೋಗ ಸುಮ್ಮನೆ ಕೂತಿರುತ್ತಾ?

ಲೆಕ್ಕ ಕೇಳೋಣ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ನಮ್ಮ ಜಿಲ್ಲೆಗೆ ಬಂದದ್ದು ಎಷ್ಟು, ಗೌರವಧನ ಎಷ್ಟು ತಿಂಗಳು ಬಾಕಿ, ಕ್ಲಿನಿಕ್ಕಿನಲ್ಲಿ ಪೆನಿಸಿಲಿನ್ ಎಷ್ಟು ದಿನ ಇರಲಿಲ್ಲ. ಮೂರೇ ಪ್ರಶ್ನೆ. ಸಭೆ ಮುಗಿದ ಕೂಡಲೇ ಬರೆಯೋಕೆ ಕೂರ್ತೀವಿ. ಕೈಬರಹ ದುಂಡಗಿರೋರು ಉಳಕೊಳ್ಳಿ. ಹಿಂದಿನ ಸಾಲಿನವರೂ.