ಕೆಲಸ ಮಾಡುತ್ತಲೇ ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ಓದೋದು: ಗೋವಾದಿಂದ ನಮ್ಮ ಅನುಭವ

ಖಾನಾಪುರ, ಜೋಯಿಡಾ, ಕಾರವಾರ ಕಡೆಯಿಂದ ಬಂದ ತಮ್ಮ ತಂಗಿಯರೇ, ವಾಸ್ಕೊ, ಮಡಗಾಂವದಲ್ಲೇ ಹುಟ್ಟಿ ಬೆಳೆದ ಗೆಳೆಯರೇ,

ನಮ್ಮನ್ನು ಕರೆದವರು "ಬ್ಯಾಂಕ್ ಪರೀಕ್ಷೆ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂದಿದ್ದರು. ಅದನ್ನು ಹೇಳೋರು ಬಹಳ ಮಂದಿ ಇದ್ದಾರೆ. ನಾವು ಬೇರೆ ವಿಷಯ ತಂದಿದ್ದೀವಿ. "ನಾವು" ಅಂದರೆ ಮೂವರು ಗೆಳೆಯರು. ಮಾತಾಡ್ತಿರೋರು ಬ್ಯಾಂಕ್ ಕ್ಲರ್ಕ್, ಓದಿದ್ದು ಬಿ.ಕಾಂ. ಎರಡನೆಯವರು ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನ ಔಷಧ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಲೈನ್ ನೋಡಿಕೊಳ್ತಾರೆ. ಮೂರನೆಯವರು ಡಿಪ್ಲೊಮಾ ಮುಗಿಸಿ ಮೇಂಟೆನೆನ್ಸ್ ಕೆಲಸದಲ್ಲಿದ್ದಾರೆ. ಮೂವರೂ ಝುವಾರಿನಗರದ ಒಂದೇ ಓಣಿಯಲ್ಲಿ ಬೆಳೆದವರು. ಅಪ್ಪಂದಿರು ವಿಜಯಪುರ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು.

ಆ ಓಣಿಯಿಂದ ಸ್ವಲ್ಪವೇ ದೂರದಲ್ಲಿ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ ಇದೆ. 2004ರಲ್ಲಿ ಶುರುವಾಯಿತು. ಅದು ಕಟ್ಟುವಾಗ ನಮ್ಮ ಓಣಿಯ ಎಷ್ಟೋ ಮಂದಿ ಅಲ್ಲಿ ಇಟ್ಟಿಗೆ ಹೊತ್ತಿದ್ದಾರೆ. ನಾವು ಹೈಸ್ಕೂಲ್ ಹುಡುಗರು, ಊಟದ ಡಬ್ಬಿ ಕೊಡೋಕೆ ಗೇಟಿನ ತನಕ ಹೋಗ್ತಿದ್ದೆವು. ಒಳಗೆ ಓದೋಕೂ ಹೋಗಬಹುದು ಅಂತ ಯಾರೂ ಹೇಳಲಿಲ್ಲ. ನಮಗೂ ಹೊಳೀಲಿಲ್ಲ.

ಈಗ ವಿಷಯಕ್ಕೆ ಬರೋಣ. ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ಅಂದರೆ ಏನು? ಕಂಪ್ಯೂಟರ್ ರಿಪೇರಿ ಅಲ್ಲ, ಕೋಡಿಂಗೂ ಅಲ್ಲ. ಒಂದು ತಂತ್ರಜ್ಞಾನವನ್ನು ಕೊಳ್ಳಬೇಕೋ, ನಾವೇ ತಯಾರಿಸಬೇಕೋ, ಯಾವಾಗ ತರಬೇಕು, ಜನ ಬಳಸ್ತಾರೋ ಇಲ್ಲವೋ, ಯಾವಾಗ ಕೈಬಿಡಬೇಕು ಅನ್ನೋ ಲೆಕ್ಕ. ಗೋವಾದವರಿಗೆ ಇದನ್ನು ಹೇಳೋಕೆ ಪುಸ್ತಕ ಬೇಕಿಲ್ಲ, ಮಡಗಾಂವದ ಸ್ಕೈಬಸ್ ಸಾಕು. ಕೊಂಕಣ ರೈಲ್ವೆಯ ಮುಖ್ಯಸ್ಥರಾಗಿದ್ದ ಬಿ. ರಾಜಾರಾಂ ಅವರ ಕಲ್ಪನೆ ಅದು. ಕಂಬಗಳ ಮೇಲಿನ ಹಳಿಗೆ ಬೋಗಿ ಜೋತುಬಿದ್ದು ಓಡಬೇಕು. ಮಡಗಾಂವ ಸ್ಟೇಷನ್ ಹತ್ತಿರ ಸುಮಾರು ಒಂದೂವರೆ ಕಿಲೋಮೀಟರ್ ಪರೀಕ್ಷಾ ಹಳಿ ಹಾಕಿದರು. 2004ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ವೇಳೆ ಅಪಘಾತ ಆಗಿ ಒಬ್ಬ ನೌಕರರು ತೀರಿಹೋದರು. ಆಮೇಲೆ ಆ ಕಂಬಗಳು ವರ್ಷಗಟ್ಟಲೆ ಹಾಗೇ ನಿಂತಿದ್ದವು, 2013ರಲ್ಲಿ ಕಿತ್ತು ಹಾಕಿದರು. ಅದೇ ಕೊಂಕಣ ರೈಲ್ವೆ, ಬೆಟ್ಟ ಕೊರೆದು, ಪೆಡ್ಣೆಯ ಮೆತ್ತನೆ ಮಣ್ಣಿನ ಸುರಂಗದ ಜೊತೆ ಗುದ್ದಾಡಿ, 1998ರಲ್ಲಿ ಪೂರ್ತಿ ಮಾರ್ಗ ತೆರೆದ ಸಂಸ್ಥೆ. ಒಂದು ಕೆಲಸ ದಡ ಸೇರಿತು, ಇನ್ನೊಂದು ಕಂಬದಲ್ಲೇ ನಿಂತಿತು. ಯಾಕೆ? ಸುರಕ್ಷತೆಯ ಒಪ್ಪಿಗೆ ಯಾರು ಕೊಡಬೇಕು, ದುಡ್ಡು ಯಾರು ಹಾಕಬೇಕು, ಯಾವ ಊರು ಮೊದಲು ಕೊಳ್ಳುತ್ತೆ? ಈ ಪ್ರಶ್ನೆಗಳೇ ಈ ಡಿಗ್ರಿಯ ಸಿಲಬಸ್ಸು.

ನಾವು ಇಬ್ಬರು ಸೇರಿದ್ದು ಇಗ್ನೋ ಎಂಬಿಎಗೆ. ಅದರಲ್ಲಿ ಆಗ ಎಂಎಸ್-94 ಅನ್ನೋ ಪತ್ರಿಕೆ ಇತ್ತು, ಹೆಸರೇ ಟೆಕ್ನಾಲಜಿ ಮ್ಯಾನೇಜ್‌ಮೆಂಟ್. ಅಸೈನ್‌ಮೆಂಟಿಗೆ ನೂರಕ್ಕೆ 30, ಪರೀಕ್ಷೆಗೆ 70. ಇಂಗ್ಲಿಷಿನ ಭಯ ಇತ್ತು, ಸುಳ್ಳು ಹೇಳೋದಿಲ್ಲ. ಹತ್ತನೇ ತನಕ ಕನ್ನಡದಲ್ಲಿ ಓದಿದವರು. ಮೊದಲ ಆರು ತಿಂಗಳು ಒಂದು ಪುಟಕ್ಕೆ ಒಂದು ಗಂಟೆ. ಪಾಠವನ್ನು ರಾತ್ರಿ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೀತಿದ್ದೆವು. ಕನ್ನಡದಲ್ಲಿ ಹೇಳೋಕೆ ಬಾರದೇ ಹೋದರೆ ನಮಗೆ ತಿಳಿದಿಲ್ಲ ಅಂತಲೇ ಅರ್ಥ. ಈಗಿನವರಿಗೆ ಅನುಕೂಲ ಜಾಸ್ತಿ: ಐಐಟಿಗಳು ನಡೆಸೋ ಎನ್‌ಪಿಟಿಇಎಲ್ ಪಾಠಗಳಲ್ಲಿ ಕೆಲವಕ್ಕೆ ಕನ್ನಡ ಅನುವಾದ ಸಿಗುತ್ತೆ, ಇಗ್ನೋ ಪುಸ್ತಕಗಳು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಇವೆ.

ಕ್ಲರ್ಕಿಗೆ ಇದರಿಂದ ಏನು ಸಿಕ್ಕಿತು ಅಂತ ಕೇಳ್ತೀರಿ. ನಮ್ಮ ಶಾಖೆಗೆ ಪಾಸ್‌ಬುಕ್ ತಾನೇ ಪ್ರಿಂಟ್ ಮಾಡೋ ಯಂತ್ರ ಬಂತು. ಯಂತ್ರ ಖಾಲಿ, ಕೌಂಟರ್ ಮುಂದೆ ಮಾತ್ರ ಉದ್ದ ಸಾಲು. ಮ್ಯಾನೇಜರ್ "ಜನ ಓದಿಲ್ಲ, ಬಿಡಿ" ಅಂದರು. ಎವರೆಟ್ ರೋಜರ್ಸ್ ಅನ್ನೋರು 1962ರಲ್ಲಿ ಒಂದು ಪುಸ್ತಕ ಬರೆದರು, ಹೊಸ ವಸ್ತು ಸಮಾಜದಲ್ಲಿ ಹೇಗೆ ಹರಡುತ್ತೆ ಅಂತ. ಮೊದಲು ಮುಟ್ಟೋರು ನೂರಕ್ಕೆ ಎರಡೂವರೆ ಮಂದಿ, ಕೊನೆಗೆ ಬರೋರು 16. ಮಧ್ಯದ ದೊಡ್ಡ ಗುಂಪು ತಮ್ಮಂಥವರೇ ಯಾರಾದರೂ ಮಾಡಿ ತೋರಿಸೋ ತನಕ ಕಾಯುತ್ತೆ. ನಾವು ಸಾಲಿನಲ್ಲಿದ್ದವರನ್ನು ಎರಡು ವಾರ ಗಮನಿಸಿದೆವು. ಅರ್ಧಕ್ಕರ್ಧ ನಮ್ಮ ಕಡೆಯ ಹೆಣ್ಣುಮಕ್ಕಳು, ಕಟ್ಟಡ ಕೆಲಸದವರು. ಯಂತ್ರ ಮಾತಾಡೋದು ಇಂಗ್ಲಿಷ್, ಹಿಂದಿ. ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ಕೊಂಕಣಿಯಲ್ಲೂ ನಾಲ್ಕು ಸಾಲು ಬರೆದು ಅಂಟಿಸಿದೆವು. ಓಣಿಯ ಒಬ್ಬ ಅಕ್ಕನಿಗೆ ಹೇಳಿಕೊಟ್ಟೆವು, ಆ ಅಕ್ಕ ಉಳಿದವರಿಗೆ ಹೇಳಿದರು. ತಿಂಗಳೊಳಗೆ ಸಾಲು ಕರಗಿತು. ಅದನ್ನೇ ಅಸೈನ್‌ಮೆಂಟಿನಲ್ಲಿ ಬರೆದೆವು. ಒಳ್ಳೆ ಅಂಕ ಬಂತು, ಆದರೆ ಮ್ಯಾನೇಜರ್ ಇವತ್ತಿಗೂ ಯಂತ್ರದ ಕಂಪನಿಯನ್ನೇ ಹೊಗಳ್ತಾರೆ!

ಇನ್ನು ಮೂರನೆಯ ಗೆಳೆಯರ ಮಾತು. ಅವರು ಇಲ್ಲೇ ಕೂತಿದ್ದಾರೆ, "ಹೇಳ್ರಿ, ಯಾರಾದರೂ ಉಳಿದಾರು" ಅಂತ ಒಪ್ಪಿಗೆ ಕೊಟ್ಟ ಮೇಲೆಯೇ ಹೇಳ್ತಿದ್ದೀವಿ. ಅವರು ಒಂದು ಅಂಗಡಿ ಸಾಲಿನ ಎರಡನೇ ಮಹಡಿಯಲ್ಲಿದ್ದ "ಸ್ಟಡಿ ಸೆಂಟರ್"ಗೆ ದುಡ್ಡು ಕಟ್ಟಿದರು. ಬೇರೆ ರಾಜ್ಯದ ವಿಶ್ವವಿದ್ಯಾಲಯ, ಟೆಕ್ನಾಲಜಿ ಮತ್ತು ಮ್ಯಾನೇಜ್‌ಮೆಂಟ್ ಸೇರಿದ ಬಿ.ಟೆಕ್, ಮನೆಯಲ್ಲೇ ಓದು. ಅಮ್ಮ ಭಿಶಿ ಹಾಕಿ ಕೂಡಿಟ್ಟ 62,000 ರೂಪಾಯಿ ಹೋಯಿತು. ಮಾರ್ಕ್ಸ್ ಕಾರ್ಡ್ ಬಂತು, ಓಣಿಗೆಲ್ಲ ಪೇಢೆ ಹಂಚಿದೆವು. ಪ್ರಮೋಷನ್ ಹೊತ್ತಿಗೆ ಕಂಪನಿ ಕಾಗದ ಪರಿಶೀಲನೆಗೆ ಕಳಿಸಿತು, "ಮಾನ್ಯತೆ ಇಲ್ಲ" ಅಂತ ವಾಪಸ್ ಬಂತು. ಕೇಳೋಕೆ ಹೋದರೆ ಆ ಕೋಣೆಯಲ್ಲಿ ಮೊಬೈಲ್ ಅಂಗಡಿ. ಅಮ್ಮನಿಗೆ ಹೇಳೋಕೆ ಅವರಿಗೆ ಒಂದು ವರ್ಷ ಹಿಡಿಯಿತು.

ಅವರು ದಡ್ಡರಲ್ಲ. ಕಾನೂನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಸ್ಟಡಿ ಸೆಂಟರ್ ನಡೆಸೋ ಹಾಗಿಲ್ಲ. ಗಡಿಯಲ್ಲಿರೋ ನಮಗೆ ಈ ನಿಯಮ ಬೇರೆ ಎಲ್ಲರಿಗಿಂತ ಹೆಚ್ಚು ತಾಗುತ್ತೆ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2012–13ರ ನಂತರ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಪ್ರಕಟಿಸಿತು. ಹೊರರಾಜ್ಯದ ಕೇಂದ್ರಗಳು, ತಾಂತ್ರಿಕ ಕೋರ್ಸುಗಳು ಅದಕ್ಕೆ ಮುಖ್ಯ ಕಾರಣ. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, ಮಧ್ಯದವರು ಒದ್ದಾಡಿದರು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ಕೊಟ್ಟಿತು. ಆದ್ದರಿಂದ "ಮನೆಯಲ್ಲೇ ಬಿ.ಟೆಕ್" ಅಂದ ಕೂಡಲೇ ಎದ್ದು ಬನ್ನಿ. ಎಂಬಿಎ ದೂರಶಿಕ್ಷಣದಲ್ಲಿ ಮಾಡಬಹುದು, ಆದರೆ ಆ ವಿಶ್ವವಿದ್ಯಾಲಯದ ಆ ಕೋರ್ಸು ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ವಿಭಾಗದ, ಅಂದರೆ ಡಿಇಬಿಯ, ಪಟ್ಟಿಯಲ್ಲಿರಬೇಕು. ಹೋದ ವರ್ಷ ಇತ್ತು ಅಂದರೆ ಸಾಲದು. 2024ರಿಂದ ಸೇರೋ ಮೊದಲು ಡಿಇಬಿ ಐಡಿ ಮಾಡಿಕೊಳ್ಳಬೇಕು. ನಾವೇ ಮೊಬೈಲಿನಲ್ಲಿ ಮಾಡಬಹುದು. ಆ ಐಡಿ ಕೇಳದೆ ದುಡ್ಡು ಕೇಳೋರ ಹತ್ತಿರ ಚಹಾ ಕೂಡ ಕುಡೀಬೇಡ್ರಿ.

ಇಗ್ನೋ ಕೇಂದ್ರದ್ದು, ಅದಕ್ಕೆ ರಾಜ್ಯದ ಗಡಿ ಇಲ್ಲ. ಗೋವಾದಲ್ಲೇ ಅದರ ಪ್ರಾದೇಶಿಕ ಕೇಂದ್ರ ಇದೆ. ಬಿಟ್ಸ್‌ನಲ್ಲೂ ಕೆಲಸದಲ್ಲಿರೋರಿಗೇ ಅಂತ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಅನ್ನೋ ವಿಭಾಗ ಇದೆ. ವಾರದ ಕೊನೆಗೆ ಪಾಠ, ಕಂಪನಿಯ ಒಪ್ಪಿಗೆ ಪತ್ರ ಬೇಕು, ಅಲ್ಲೇ ಒಬ್ಬ ಹಿರಿಯರು ಮಾರ್ಗದರ್ಶಕರಾಗಬೇಕು. ಶುಲ್ಕ ಭಾರವೇ. ವೆರ್ಣಾದಲ್ಲಿರೋರು ಕಂಪನಿ ಫೀ ಕೊಡುತ್ತಾ ಅಂತ ಎಚ್‌ಆರ್‌ನಲ್ಲಿ ಕೇಳಿ ನೋಡ್ರಿ. ನಮ್ಮವರು ಕೇಳೋದೇ ಇಲ್ಲ.

ಸಾಲದ ಬಗ್ಗೆ ಬ್ಯಾಂಕಿನವರಾಗಿ ಒಂದೇ ಮಾತು. ದೂರಶಿಕ್ಷಣಕ್ಕೆ ಶಿಕ್ಷಣ ಸಾಲ ಸಾಮಾನ್ಯವಾಗಿ ಸಿಗೋದಿಲ್ಲ, ರೆಗ್ಯುಲರ್ ಓದಿಗೆ ಸಿಗುತ್ತೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಪಟ್ಟಿಯಲ್ಲಿರೋ ಸಂಸ್ಥೆಯಲ್ಲಿ ಮೆರಿಟ್ ಸೀಟು ಸಿಕ್ಕರೆ ಜಾಮೀನಿಲ್ಲದೆ ಸಾಲ ಉಂಟು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ನೂರಕ್ಕೆ 3ರಷ್ಟು ಬಡ್ಡಿ ರಿಯಾಯಿತಿ. ಗೋವಾ ಸರ್ಕಾರದ ಸೌಲಭ್ಯ ಬೇಕಾದರೆ ವಾಸದ ಪ್ರಮಾಣಪತ್ರ ಕೇಳ್ತಾರೆ. ಹದಿನೈದು ವರ್ಷದ ಪುರಾವೆ ಹಿಡಿದು ಮಾಮಲೇದಾರ ಕಚೇರಿಗೆ ಹೋಗೋದು ಸೀಟು ಸಿಕ್ಕ ಮೇಲಲ್ಲ, ಈಗಲೇ. ಬಾಡಿಗೆ ಚೀಟಿ, ಶಾಲೆಯ ಸರ್ಟಿಫಿಕೇಟು, ಒಂದೂ ಬಿಸಾಡಬೇಡ್ರಿ. ಪಿಯುಸಿಯಲ್ಲಿರೋ ತಮ್ಮಂದಿರಿಗೆ ಇನ್ನೊಂದು: ಕರ್ನಾಟಕದ ಸಿಇಟಿಯಲ್ಲಿ ಹೊರನಾಡ ಕನ್ನಡಿಗರಿಗೆ, ಗಡಿನಾಡ ಕನ್ನಡಿಗರಿಗೆ ಬೇರೆ ಕಲಮುಗಳಿವೆ, ಕನ್ನಡ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಮಾತಾಡೋ ಕನ್ನಡ ಅಲ್ಲಿ ಸಾಲದು, ಬರೆಯೋಕೂ ಬರಬೇಕು.

ನಮಗೆ ಕೊಟ್ಟ ಸಮಯ ಮುಗೀತು. ಯಾರ ಹತ್ತಿರವಾದರೂ ಯಾವುದೋ ಸೆಂಟರಿನ ಅಡ್ಮಿಷನ್ ಫಾರ್ಮು, ದುಡ್ಡು ಕಟ್ಟಿದ ರಸೀದಿ ಇದ್ದರೆ ಹೊರಗೆ ತೆಗೀರಿ. ನಮ್ಮ ಮೂರನೆಯ ಗೆಳೆಯರು ಆ ಕಡೆ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತಿರ್ತಾರೆ, ಒಂದೊಂದಾಗಿ ಪಟ್ಟಿಯಲ್ಲಿ ಹುಡುಕಿ ಕೊಡ್ತಾರೆ.