ವಿದ್ಯಾಲಯದ ಆವರಣವೂ ಕೆರೆಯ ಧರ್ಮವೂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ನೆಯ ಇಸವಿಯಲ್ಲಿ ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯೆನಿಸಿದುದು ಸರ್ವರಿಗೂ ವಿದಿತವಾದ ಸಂಗತಿಯಷ್ಟೆ. ಆ ಹೊಸಪೇಟೆಯ ಸಮೀಪದಲ್ಲಿ, ಹಂಪೆಯ ಬಂಡೆಗಲ್ಲುಗಳ ಸೀಮೆಯಲ್ಲಿ, 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು 'ವಿದ್ಯಾರಣ್ಯ'ವೆಂಬ ಆವರಣದಲ್ಲಿ ನೆಲಸಿರುವುದು. ಆ ನಾಮವು ಯತಿವರ್ಯರೊಬ್ಬರದೆಂಬುದು ನಿಜ. ಆದರೆ ಪದವನ್ನು ಬಿಡಿಸಿ ನೋಡುವ ಅಭ್ಯಾಸವುಳ್ಳವರಿಗೆ ಅದರಲ್ಲಿ ವಿದ್ಯೆಯೂ ಅರಣ್ಯವೂ ಜೊತೆಜೊತೆಯಾಗಿಯೇ ತೋರುವುವು. ಈ ಉಪನ್ಯಾಸದ ವಿಷಯವು ಇಷ್ಟೇ: ಆ ವಿದ್ಯಾಪೀಠವು ತನ್ನ ಆವರಣದ ನೀರು, ಮರ, ಕಸ, ವಿದ್ಯುಚ್ಛಕ್ತಿ ಇವುಗಳನ್ನು ಕುರಿತು ಲಿಖಿತವಾದ ಸಂಕಲ್ಪವೊಂದನ್ನು ಕೈಕೊಂಡು, ವರ್ಷವರ್ಷವೂ ಅದರ ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸಬೇಕು.

ಇದು ದೊಡ್ಡವರಿಗೆ ಬುದ್ಧಿ ಹೇಳುವ ಉದ್ಧಟತನವೆಂದು ಕೆಲವರಿಗೆ ತೋರಬಹುದು. ಆದರೆ ಈ ಸೀಮೆಯ ಸ್ಥಿತಿಯನ್ನು ಬಲ್ಲವರು ಹಾಗೆನ್ನಲಾರರು. ಹಡಗಲಿಯ ಮಲ್ಲಿಗೆಯ ಕಂಪು ದೂರದೂರಕ್ಕೆ ಹರಡಿದ್ದರೂ, ಹೊಳೆಯ ದಂಡೆಯನ್ನು ಬಿಟ್ಟು ನಾಲ್ಕು ಹರಿದಾರಿ ಒಳಗೆ ಬಂದರೆ ಮಳೆಯನ್ನೇ ನಂಬಿದ ಎರೆ ಮಸಬು ಹೊಲಗಳು. ಕೂಡ್ಲಿಗಿಯ ಕಡೆಗೆ ಹೋದರೆ ಕಲ್ಲುಗುಡ್ಡಗಳು, ಕರಡಿಗಳ ಕಾಡು. ಎಲ್ಲರೂ ಆಶ್ರಯಿಸಿದ ತುಂಗಭದ್ರೆಯ ಜಲಾಶಯದ ಕಥೆಯಾದರೂ ಏನು? 1953ರ ಸುಮಾರಿಗೆ ಅದರ ಹೊಟ್ಟೆಯಲ್ಲಿ 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದಿತು, ಹೂಳು ತುಂಬುತ್ತ ತುಂಬುತ್ತ ಅದು 105.788 ಟಿ.ಎಂ.ಸಿ.ಗೆ ಇಳಿದುಹೋಯಿತು. 2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ಹರಿದು ಕೊಚ್ಚಿಹೋದಾಗ, ತುಂಬಿದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ಕಂಡು ಎದೆ ನಡುಗದ ಒಕ್ಕಲಿಗನು ಈ ಪ್ರಾಂತದಲ್ಲಿ ಇದ್ದಿರಲಾರನು. ಇಂತಹ ನಾಡಿನ ನಡುವೆ ಇರುವ ವಿದ್ಯಾಪೀಠವು ತಾನು ಬಳಸುವ ಒಂದು ಕೊಡ ನೀರಿಗೂ ಉತ್ತರ ಹೇಳಬೇಕಾದ ಸ್ಥಳದಲ್ಲಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನೋಡಿರಿ. ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಹಳ್ಳಿಯ ಕೆರೆ, 98.76 ಹೆಕ್ಟೇರು ವಿಸ್ತಾರ. ಒಳಗೆ ಕರಿಜಾಲಿಯ ಮರಗಳು. ಆ ಮುಳ್ಳಿನ ಕೊಂಬೆಗಳ ಮೇಲೆ ಬಣ್ಣದ ಕೊಕ್ಕರೆಯೇ ಮೊದಲಾಗಿ ಮೂವತ್ತು ಸಾವಿರಕ್ಕೂ ಮಿಕ್ಕಿದ ನೀರುಹಕ್ಕಿಗಳು ಆಶ್ರಯ ಪಡೆಯುವುವು. 2024ರಲ್ಲಿ ಇದು ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಮಾನ್ಯವಾಯಿತು. ಇದನ್ನು ಕಟ್ಟಿದವರು ಪದವೀಧರರಲ್ಲ. ಅಕ್ಷರವನ್ನರಿಯದ ಕೈಗಳು ಇಷ್ಟನ್ನು ಮಾಡಿಟ್ಟಿರಲು, ಅಕ್ಷರವೇ ವೃತ್ತಿಯಾದವರು ಎಷ್ಟನ್ನು ಮಾಡಬೇಕು?

ಕನ್ನಡ ವಿಶ್ವವಿದ್ಯಾಲಯವನ್ನೇ ವಿಶೇಷವಾಗಿ ಪ್ರಾರ್ಥಿಸುವುದಕ್ಕೆ ಮತ್ತೊಂದು ಕಾರಣವುಂಟು. ಈ ಪ್ರಾಂತದ ಶಾಸನಗಳನ್ನು ಓದಿಸಿ ಸಂಪುಟವಾಗಿ ಅಚ್ಚು ಹಾಕಿಸಿದ ಸಂಸ್ಥೆಯದು. ಕೆರೆಯನ್ನು ಕಟ್ಟಿದವನಿಗೆ ದಶವಂದ, ಕಾಪಾಡುವವನಿಗೆ ಕಟ್ಟುಕೊಡಗೆ, ಹೂಳೆತ್ತುವ ಬಂಡಿಗೆ ಮಾನ್ಯ ಎಂಬ ಮಾತುಗಳ ಅರ್ಥವನ್ನು ಅಲ್ಲಿನ ವಿದ್ವಾಂಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವನ್ನು ನಿಲ್ಲಿಸಿದನು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಬರಬಾರದ ಆರು ದೋಷಗಳನ್ನೂ ಆ ಶಾಸನವು ಎಣಿಸುತ್ತದೆ. ಧರ್ಮಿಷ್ಠನಾದ ಅರಸನ ತರುವಾಯ ಎರಡನೆಯ ಸಾಧನವಾಗಿ ಹೇಳಿರುವುದು ಜಲಶಾಸ್ತ್ರವನ್ನು ಬಲ್ಲ ಪಂಡಿತನನ್ನು. ಕಲ್ಲು, ಮಣ್ಣು, ಆಳುಗಳೆಲ್ಲ ಆಮೇಲಿನವು. ಪಂಡಿತರು ಈ ಮರ್ಯಾದೆಯನ್ನು ಸ್ವೀಕರಿಸುವುದಾದರೆ ಅದರ ಭಾರವನ್ನೂ ಸ್ವೀಕರಿಸಲೇಬೇಕು.

ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಜಿನುಗುವುದು. ವಸತಿಗೃಹದಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುವ ನಲ್ಲಿಯು ಇದೇ ದೋಷವಲ್ಲದೆ ಬೇರೆಯಲ್ಲ. ಎರಡು ರಾಜ್ಯಗಳ ಎಲ್ಲೆಯ ಮೇಲೆ ಕೆರೆಯಿರುವುದು ಇನ್ನೊಂದು ದೋಷ. ಇಬ್ಬರದಾದುದು ಯಾರದೂ ಆಗದೆ ಹಾಳಾಗುವುದು. ಇಂದಿನ ವಿದ್ಯಾಲಯಗಳಲ್ಲಿ ಇಂಜಿನಿಯರರ ವಿಭಾಗವು ತೋಟದವರ ಮೇಲೂ, ತೋಟದವರು ವಸತಿಗೃಹದವರ ಮೇಲೂ ಹೊಣೆಯನ್ನು ಹೊರಿಸುವುದನ್ನು ಕಂಡವರಿಗೆ ಶಾಸನಕಾರನ ಜಾಣ್ಮೆಯು ಮನವರಿಕೆಯಾದೀತು. ನೀರು ಸ್ವಲ್ಪ, ಭೂಮಿ ಅಪಾರ ಎಂಬುದೂ ಅಲ್ಲಿ ದೋಷವೇ. ನೂರಾರು ಎಕರೆಯ ಬಂಡೆನೆಲದಲ್ಲಿ ಪರದೇಶದ ಹುಲ್ಲುಹಾಸನ್ನು ಹಾಸಿ ಕೊಳವೆಬಾವಿಯಿಂದ ನೀರೆರೆಯುವ ಆಸೆಯು ಯಾರಿಗಾದರೂ ಹುಟ್ಟಿದರೆ, ಈ ಪಂಕ್ತಿಯನ್ನು ಒಮ್ಮೆ ಓದಿಸತಕ್ಕದ್ದು. ಬೇವು, ಹುಣಿಸೆ, ಹೊಂಗೆ, ಆಲ, ಕಮರಗಳು ಈ ಮಣ್ಣಿನ ಮಕ್ಕಳು. ಎರಡು ಬೇಸಗೆ ಕಾಪಾಡಿದರೆ ಮೂರನೆಯದಕ್ಕೆ ತಾವೇ ನೆರಳು ಕೊಡುವುವು.

ಲೋಕದಲ್ಲಿ ಇಂತಹ ಸಂಕಲ್ಪವು ಹೊಸದಲ್ಲ. 1990ರಲ್ಲಿ ಫ್ರಾನ್ಸಿನ ತಾಲ್ವಾರ್ ಎಂಬ ಊರಿನಲ್ಲಿ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆಯೊಂದಕ್ಕೆ ರುಜು ಹಾಕಿದರು. ಕನ್ನಡ ವಿಶ್ವವಿದ್ಯಾಲಯವು ಹುಟ್ಟಿದ 1991ರಲ್ಲಿಯೇ ಭಾರತದ ಸರ್ವೋಚ್ಚ ನ್ಯಾಯಾಲಯವು ಪರಿಸರದ ಪಾಠವನ್ನು ಎಲ್ಲ ಮಟ್ಟಗಳಲ್ಲಿಯೂ ಕಲಿಸಬೇಕೆಂದು ತೀರ್ಪಿತ್ತಿತು. ಬಳಿಕ ಪದವಿ ತರಗತಿಗಳಿಗೆ ಅದು ಕಡ್ಡಾಯವಾಯಿತು. ವಿದ್ಯಾಲಯಗಳ ಯೋಗ್ಯತೆಯನ್ನು ತೂಗುವ ನ್ಯಾಕ್ ಮಂಡಲಿಯೂ ಈ ವಿಷಯಕ್ಕೆ ಅಂಕಗಳನ್ನಿಟ್ಟಿರುವುದು. ಆದರೆ ಅಂಕಕ್ಕಾಗಿ ಬರೆದ ವರದಿ ಬೇರೆ, ವ್ರತವಾಗಿ ಹಿಡಿದ ಸಂಕಲ್ಪ ಬೇರೆ. ಜೂನ್ 5ರಂದು ನೆಟ್ಟ ಸಸಿಯ ಛಾಯಾಚಿತ್ರವು ಮರುದಿನದ ಪತ್ರಿಕೆಯಲ್ಲಿ ಬರುವುದು. ಮುಂದಿನ ಏಪ್ರಿಲ್ ತಿಂಗಳಲ್ಲಿ ಅದೇ ಸಸಿಯ ಛಾಯಾಚಿತ್ರವನ್ನು ಯಾರು ಕೇಳುವರು?

ಹಣವಿಲ್ಲವೆಂಬ ಆಕ್ಷೇಪವು ಬರುವುದು ಸಹಜ. ವಿದ್ಯಾಲಯಗಳ ಬೊಕ್ಕಸದ ಅಡಚಣೆಯು ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಲಾಗದು. ಆದರೂ ಅಳೆಯುವುದಕ್ಕೆ ಬೇಕಾಗುವ ವೆಚ್ಚ ಅಲ್ಪ. ಬಂಡೆಯ ಮೇಲೆ ಬಿದ್ದ ಮಳೆಯನ್ನು ತಗ್ಗಿನಲ್ಲಿ ತಡೆಯುವ ಒಡ್ಡಿಗೆ ಬೇಕಾದುದು ಕಲ್ಲುಮಣ್ಣು. ಅಡುಗೆಮನೆಯ ಹಸಿಕಸವು ಗೊಬ್ಬರವಾಗುವುದಕ್ಕೆ ಬೇಕಾದುದು ಒಂದು ಗುಂಡಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದುದು ಬೊಕ್ಕಸದ ಬಲದಿಂದಲ್ಲವೆಂಬುದನ್ನು ಈ ಸಭೆಗೆ ನೆನಪಿಸಬೇಕಾಗಿಲ್ಲ. ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಕುಕ್ಕರಹಳ್ಳಿಯ ಕೆರೆಯು ಹೇಗೋ ಹಾಗೆ, ಹಂಪೆಯ ವಿದ್ಯಾಪೀಠಕ್ಕೂ ತನ್ನದೇ ಜಲಸ್ಥಾನವಿರುವುದು ಅಪೇಕ್ಷಣೀಯ. ಕುಕ್ಕರಹಳ್ಳಿಗೆ ಪಟ್ಟಣದ ಕೊಳಚೆ ಸೇರಿ ಬಂದ ಸಂಕಟವೂ ಒಂದು ಪಾಠವೇ.

ಭಕ್ತಮಹಾಶಯರೂ ಇದರಲ್ಲಿ ಕೇವಲ ಶ್ರೋತೃಗಳಾಗಿರಲಾಗದು. ಈ ಐದು ತಾಲ್ಲೂಕುಗಳ ಮಕ್ಕಳೇ ಆ ಆವರಣದಲ್ಲಿ ಓದುವವರು. ಅವರ ತಂದೆತಾಯಿಗಳಿಗೆ ಕೇಳುವ ಅಧಿಕಾರವುಂಟು. ಮಠದ ದಾಸೋಹದ ಎಲೆ, ಜಾತ್ರೆಯ ಪ್ಲಾಸ್ಟಿಕ್ಕು ಇವುಗಳ ಲೆಕ್ಕವನ್ನು ಮೊದಲು ತಾವೇ ಒಪ್ಪಿಸಿ ಕೇಳಿದರೆ ಆ ಮಾತಿಗೆ ತೂಕವು ಹೆಚ್ಚುವುದು. ಅನಂತರ ಊರೂರಿನ ಹಿರಿಯರ ರುಜುಗಳೊಡನೆ ಕುಲಪತಿಗಳಿಗೆ ಒಂದು ವಿಜ್ಞಾಪನಾಪತ್ರವು ಹೋಗಲಿ. ವರ್ಷಕ್ಕೊಮ್ಮೆ, ಯುಗಾದಿಯ ತರುವಾಯ, ಕೆರೆಯಿರುವ ಹಳ್ಳಿಗಳಿಂದ ಇಬ್ಬಿಬ್ಬರನ್ನು ಆವರಣಕ್ಕೆ ಕರೆಯಿಸಿ, ಅವರ ಮುಂದೆ ಕನ್ನಡದಲ್ಲಿಯೇ ಆ ಲೆಕ್ಕವನ್ನು ಓದಿಸಬೇಕೆಂದು ಅದರಲ್ಲಿ ಬರೆಯಿಸತಕ್ಕದ್ದು. ಮೊದಲನೆಯ ವರ್ಷಕ್ಕೆ ಎರಡೇ ಪ್ರಶ್ನೆಗಳು ಸಾಕು: ಆವರಣದಲ್ಲಿ ಕೊಳವೆಬಾವಿಗಳು ಎಷ್ಟು, ಮತ್ತು ಅವುಗಳಲ್ಲಿ ನೀರು ಎಷ್ಟು ಅಡಿ ಆಳದಲ್ಲಿದೆ.