ಪಂದ್ಯವಿಲ್ಲದ ವೇಗ



ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹೆಸರನ್ನು ನೀವು ಕೇಳಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವ ಊರು ಅದು. ಅದೇ ಬಯಲಿನಲ್ಲಿ ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ವಲಯವೂ ಇದೆ. 2024ರ ಜೂನ್ 23ರಂದು ಇಸ್ರೋದ ‘ಪುಷ್ಪಕ್’ ವಾಹನ 4.5 ಕಿ.ಮೀ. ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕಳಚಿಕೊಂಡು, ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಅಲ್ಲಿ ನೆಲ ಮುಟ್ಟಿತು. ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಿದ ಮೇಲೆಯೇ ಚಕ್ರದ ಬ್ರೇಕು ಕೆಲಸಕ್ಕೆ ಬಂತು.

ಅಷ್ಟು ವೇಗವನ್ನು ಅಲ್ಲಿ ಪರೀಕ್ಷಿಸಲು ಸಾಧ್ಯವಾದದ್ದು ಹೇಗೆ? ಆ ಹಾದಿಯಲ್ಲಿ ಕುರಿಮಂದೆಯಿಲ್ಲ, ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಮಕ್ಕಳಿಲ್ಲ. ವೇಗಕ್ಕೆ ಮೊದಲು ಬೇಕಾದದ್ದು ಎಂಜಿನ್ ಅಲ್ಲ, ಮುಚ್ಚಿದ ಹಾದಿ.

ಕಾರುಗಳ ಲೋಕದಲ್ಲಿಯೂ ಇದೇ ತತ್ತ್ವದ ಮೇಲೆ ನಿಂತ ಒಂದು ಹವ್ಯಾಸವಿದೆ. ಆಸ್ಟ್ರೇಲಿಯಾದಲ್ಲಿ 1992ರಲ್ಲಿ ಆರಂಭವಾದ ‘ಟಾರ್ಗಾ ಟಾಸ್ಮೇನಿಯಾ’ ರ್‍ಯಾಲಿಗಾಗಿ ಸಾರ್ವಜನಿಕ ರಸ್ತೆಗಳನ್ನೇ ಕೆಲವು ಗಂಟೆ ಮುಚ್ಚುತ್ತಿದ್ದರು. ಅದರಲ್ಲಿ ಸ್ಪರ್ಧಿಗಳಲ್ಲದವರಿಗೂ ಒಂದು ವಿಭಾಗವಿತ್ತು. ಸ್ಪೋರ್ಟ್ಸ್ ಕಾರು ಉಳ್ಳವರು ಅನುಭವಿ ಚಾಲಕನ ಕಾರನ್ನು ಸಾಲಾಗಿ ಹಿಂಬಾಲಿಸಬೇಕು. ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. ತಿರುವನ್ನು ಅಂದವಾಗಿ ದಾಟಿದ ಸಂತೋಷವೇ ಬಹುಮಾನ.

ಹಾಗೆಂದು ರಸ್ತೆ ಮುಚ್ಚಿದ ಮಾತ್ರಕ್ಕೆ ಅಪಾಯ ಮುಚ್ಚಿಹೋಗುವುದಿಲ್ಲ. ಅದೇ ರ್‍ಯಾಲಿಯಲ್ಲಿ 2021ರಲ್ಲಿ ಮೂವರು, 2022ರಲ್ಲಿ ಒಬ್ಬರು ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು. ಇಟಲಿಯ ‘ಮಿಲ್ಲೆ ಮಿಲ್ಯಾ’ ಪಂದ್ಯದಲ್ಲಿ 1957ರಲ್ಲಿ ಒಂದು ಕಾರು ಟೈರು ಸಿಡಿದು ಜನರ ಮೇಲೆ ನುಗ್ಗಿತು. ಚಾಲಕ, ಸಹಚಾಲಕರಲ್ಲದೆ ಒಂಬತ್ತು ಪ್ರೇಕ್ಷಕರು ಸತ್ತರು. ಅವರಲ್ಲಿ ಐವರು ಮಕ್ಕಳು. ವೇಗದ ಪಂದ್ಯ ಅಲ್ಲಿಗೆ ಕೊನೆಗೊಂಡಿತು. 1977ರಲ್ಲಿ ಅದು ಹಳೆಯ ಕಾರುಗಳ ರ್‍ಯಾಲಿಯಾಗಿ ಮರಳಿ ಬಂತು. ಈಗ ಅಲ್ಲಿ ಬೇಗ ತಲುಪುವುದಲ್ಲ, ಗೊತ್ತುಪಡಿಸಿದ ಕಾಲಕ್ಕೆ ಸರಿಯಾಗಿ ತಲುಪುವುದೇ ಜಾಣತನ.

ಇದರ ಹಿಂದಿನ ಲೆಕ್ಕ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಅಡಚಣೆಯನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕೆಂದುಕೊಳ್ಳಿ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸಲಿ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಒಟ್ಟು ಸುಮಾರು 36 ಮೀಟರ್ ಬೇಕು. 120ರಲ್ಲಿ? 72 ಅಲ್ಲ, ಸುಮಾರು 113 ಮೀಟರ್! ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಬ್ರೇಕು ಹಿಡಿದ ಮೇಲೆ ಓಡುವ ದೂರವೂ ನಾಲ್ಮಡಿ. ನಿಮ್ಮ ಶಾಲೆಯ ಮೈದಾನದಲ್ಲಿ ಈ ಎರಡು ದೂರಗಳನ್ನು ಅಳೆದು, ನಡುವೆ ನಡೆದು ನೋಡಿ.

ದೂರದರ್ಶನದ ಕೆಲಸದವನಾಗಿ ಇನ್ನೊಂದು ಮಾತು. ತೆರೆಯ ಮೇಲೆ ನೀವು ಕಾಣುವ ವೇಗದಲ್ಲಿ ಬಹುಪಾಲು ನಮ್ಮ ಕೈಚಳಕ. ಕ್ಯಾಮೆರಾವನ್ನು ನೆಲದ ಹತ್ತಿರ ಇಟ್ಟು, ಅಗಲ ನೋಟದ ಲೆನ್ಸ್ ಹಾಕಿ, ದೃಶ್ಯಗಳನ್ನು ಚುರುಕಾಗಿ ಕತ್ತರಿಸಿ ಜೋಡಿಸಿದರೆ 40ರ ವೇಗವೂ 100ರಂತೆ ಕಾಣುತ್ತದೆ. ಅದನ್ನು ನೋಡಿ ಊರ ರಸ್ತೆಯಲ್ಲಿ ಬೈಕು ಹಾರಿಸುವ ಹುಡುಗನಿಗೆ ಮರುಚಿತ್ರೀಕರಣದ ಅವಕಾಶವಿಲ್ಲ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಕಟ್ಟುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧವೂ ಹೌದು.

ಕುದಾಪುರ ಕಲಿಸುವ ಇನ್ನೊಂದು ಪಾಠವಿದೆ. ಅಲ್ಲಿನ ಸಂಸ್ಥೆಗಳು ಎದ್ದು ನಿಂತದ್ದು ಅಮೃತಮಹಲ್ ಕಾವಲಿನಲ್ಲಿ, ಸುತ್ತಲ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ. ಬೇಲಿ, ಗೋಡೆ ಬಂದಾಗ ಕುರಿಗಾಹಿಗಳು ದಾರಿ ಕಳೆದುಕೊಂಡರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ವಿಜ್ಞಾನಕ್ಕೆ ಮುಚ್ಚಿದ ಹಾದಿ ಬೇಕು, ನಿಜ. ಆದರೆ ಪ್ರತಿ ಮುಚ್ಚಿದ ಹಾದಿಯ ಹೊರಗೂ ಯಾರೋ ನಿಂತಿರುತ್ತಾರೆ. ಕಾರಿನ ಯಾತ್ರೆಯಾದರೆ ರಸ್ತೆಯನ್ನು ಸಂಜೆಗೆ ಜನರಿಗೆ ಹಿಂತಿರುಗಿಸುತ್ತದೆ. ಹುಲ್ಲುಗಾವಲನ್ನು ಹಾಗೆ ಹಿಂತಿರುಗಿಸಲಾಗದು.

ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರಾಗಿ ವೇಗದ ವಾಹನಗಳನ್ನು ಕಟ್ಟುವಿರಿ, ಕೆಲವರು ಓಡಿಸುವಿರಿ. ಆಗ ಎರಡು ಪ್ರಶ್ನೆ ನೆನಪಿರಲಿ: ಇದನ್ನು ಎಷ್ಟು ದೂರದಲ್ಲಿ ನಿಲ್ಲಿಸಬಲ್ಲೆ? ಈ ಹಾದಿಯ ಮೇಲೆ ಇನ್ನು ಯಾರಿಗೆ ಹಕ್ಕಿದೆ?